ಹುಳುಮನೆಯಲ್ಲಿ ಮಾರಕ್ಕ

ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಹುಳುಗಳಿಗೆ ಹೆಚ್ಚು ಜಾಗವಿತ್ತು. ಚನ್ನಪಟ್ಟಣದಿಂದ ವಿರೂಪಾಕ್ಷಿಪುರದ ಕಡೆ ಹೋಗುವ ಬಸ್ಸಿನಲ್ಲಿ ಇಳಿದು ಒಸಿ ದೂರ ನಡೆದರೆ ನಮ್ಮೂರು. ಮನೆಯ ಮುಂದೆ ಎರಡು ಕಲ್ಲಿನ ಮೆಟ್ಟಿಲು, ಮೇಲೆ ಜಗಲಿ, ಹೊಸ್ತಿಲು ದಾಟಿದರೆ ಉದ್ದನೆಯ ನಡುಮನೆ, ಅದರ ಬೆನ್ನಿಗೆ ಅಡುಗೆಮನೆ, ಆಮೇಲೆ ಹಿತ್ತಿಲು. ನಡುಮನೆ ಎಂದರೆ ಕೂತು ಮಾತಾಡುವ ಜಾಗವಲ್ಲ. ಅಲ್ಲಿ ಗೋಡೆಯಿಂದ ಗೋಡೆಗೆ ಬಿದಿರಿನ ಸ್ಟ್ಯಾಂಡುಗಳು, ಒಂದೊಂದರಲ್ಲೂ ಅಂತಸ್ತಿನ ಮೇಲೆ ಅಂತಸ್ತಾಗಿ ಗಾಡಿಯ ಚಕ್ರದಷ್ಟು ಅಗಲದ ತಟ್ಟೆಗಳು, ತಟ್ಟೆ ತುಂಬ ರೇಷ್ಮೆಹುಳು. ಇರುವೆ ಹತ್ತದಿರಲೆಂದು ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ಇಟ್ಟಿರುತ್ತಿದ್ದರು. ಆತುರದಲ್ಲಿ ಓಡಾಡುವ ನಮ್ಮಪ್ಪ ದಿನಕ್ಕೊಂದಾದರೂ ಬಟ್ಟಲನ್ನು ಒದ್ದು ಚೆಲ್ಲಿ, ಅಜ್ಜಿಯ ಬಾಯಿಂದ ಹೊಸ ಬೈಗುಳ ಕಲಿಯುತ್ತಿದ್ದ. ಈಗ ನನ್ನ ತಮ್ಮ ಹುಳುವಿಗೆಂದೇ ತೋಟದ ಮಗ್ಗುಲಲ್ಲಿ ಶೆಡ್ಡು ಕಟ್ಟಿಸಿದ್ದಾನೆ, ಅದಕ್ಕೆ ಜಾಲರಿ ಕಿಟಕಿ, ಫ್ಯಾನು. ನಾವು ಮಾತ್ರ ಹುಳುಗಳ ಸ್ಟ್ಯಾಂಡುಗಳ ಸಂದಿಯಲ್ಲಿ ಚಾಪೆ ಹಾಸಿ ಮಲಗಿ, ಅವು ಮೇಯುವ ಸದ್ದು ಕೇಳಿಕೊಂಡು ಬೆಳೆದವರು.

ಆ ಮನೆಯ ಕ್ಯಾಲೆಂಡರೂ ಹುಳುಗಳದೇ. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆಯೆತ್ತಿ, ಒಂದು ದಿನ ಸುಮ್ಮನಿದ್ದುಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಆದ ಮೇಲೆ ಎಂಟು ದಿನ ಹಗಲೂ ರಾತ್ರಿ ತಿಂದು, ಮೈ ಹಳದಿಗಟ್ಟಿ ಹಣ್ಣಾಗುತ್ತದೆ, ಗೂಡು ಕಟ್ಟುತ್ತದೆ. ಸೋದರಮಾವ ಬಂದದ್ದು ಎರಡನೇ ಜ್ವರದ ದಿನ, ಎಮ್ಮೆ ಕರು ಹಾಕಿದ್ದು ಮೂರನೇ ಜ್ವರ ಎದ್ದ ಮಾರನೆಗೆ, ಹೀಗೆ ನಮ್ಮ ಲೆಕ್ಕ. ಮೂರನೇ ಜ್ವರ ಎದ್ದ ಮೇಲೆ ಅಡುಗೆಮನೆಯಲ್ಲಿ ಒಗ್ಗರಣೆ ಬಂದ್. ಸುಟ್ಟ ಮೆಣಸಿನಕಾಯಿ ಘಾಟು ಹುಳುವಿಗೆ ಆಗುವುದಿಲ್ಲ. ಅವ್ವ ಹುರುಳಿಕಾಳು ಬೇಯಿಸಿ ಬಸಿದು, ಒಗ್ಗರಣೆ ಇಲ್ಲದ ಸಾರನ್ನು ಮುದ್ದೆಯ ಪಕ್ಕಕ್ಕೆ ಹುಯ್ಯುತ್ತಿದ್ದಳು. ಅಪ್ಪ ಅದನ್ನು ಔಷಧಿ ಕುಡಿಯುವವರ ಮುಖ ಮಾಡಿಕೊಂಡು ಉಣ್ಣುವುದು, ಅಜ್ಜಿ ನೋಡುವುದು, ಕೊನೆಗೆ ಹುಳ ಉಣ್ಣಾದು ಮುಖ್ಯವೋ ನೀನು ಉಣ್ಣಾದು ಮುಖ್ಯವೋ ಎಂದು ಕೇಳುವುದು ಪ್ರತಿ ಬೆಳೆಗೂ ನಡೆಯುತ್ತಿತ್ತು. ಹುಳು ಎದುರಿಗಿರುವಾಗ ಅಪ್ಪ ಯಾವತ್ತೂ ತನ್ನ ಕಡೆ ವೋಟು ಹಾಕಿಕೊಳ್ಳಲಿಲ್ಲ.

ಇನ್ನೊಂದು ಕಟ್ಟುನಿಟ್ಟೆಂದರೆ ಹೊರಗಿನವರು ಹುಳುಮನೆಗೆ ಬರಬಾರದು. ಹೊರಗಿನವರು ಎಂದರೆ ಯಾರು ಎಂದು ನಾನು ಕೇಳಿದವಳಲ್ಲ. ಪಕ್ಕದ ಮನೆಯ ಹೆಂಗಸರು ಕಾಲು ಸಹ ತೊಳೆಯದೆ ಬಂದು, ತಟ್ಟೆಗೆ ಇಣುಕಿ, ಹುಳ ಚೆನ್ನಾಗೈತೆ ಎಂದು ಹೇಳಿ ಕಾಫಿ ಕುಡಿದು ಹೋಗುತ್ತಿದ್ದರು. ಕೆರೆ ಏರಿಯ ಕೆಳಗಿದ್ದ ದಲಿತರ ಕೇರಿಯಿಂದ ಹೊನ್ನಮ್ಮ ಬರುತ್ತಿದ್ದಳು. ದಿನಾ ಬೆಳಗ್ಗೆ ನಮ್ಮ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕುಯ್ದು, ಹೊರೆ ಕಟ್ಟಿ, ಹಿತ್ತಿಲ ಬಾಗಿಲಿಗೆ ತಂದು ಇಳಿಸಿ, ಅಲ್ಲೇ ನಿಂತು ಅಮ್ಮಾರೆ ಎಂದು ಕೂಗುತ್ತಿದ್ದಳು. ಅವಳು ಇಳಿಸಿದ ಸೊಪ್ಪನ್ನು ಅವ್ವ ಒಳಗೆ ಎಳೆದುಕೊಳ್ಳುತ್ತಿದ್ದಳು. ಇಬ್ಬರಿಗೂ ಅದು ಎಷ್ಟು ರೂಢಿಯಾಗಿತ್ತೆಂದರೆ ಬಾಗಿಲಲ್ಲಿ ಒಬ್ಬರ ಕೈ ಇನ್ನೊಬ್ಬರಿಗೆ ತಾಕುತ್ತಲೇ ಇರಲಿಲ್ಲ.

ಹೊನ್ನಮ್ಮನ ಮಗಳು ಜಯಶೀಲ ಇಸ್ಕೂಲಿನಲ್ಲಿ ನನ್ನ ಬೆಂಚು. ಎಂಟನೇ ಕ್ಲಾಸು. ದಸರಾ ರಜೆಗೆ ನಮ್ಮ ಕನ್ನಡ ಮೇಷ್ಟ್ರು ಬೀರುವಿನ ಪುಸ್ತಕಗಳನ್ನೆಲ್ಲ ಹಂಚಿದರು. ಪುಸ್ತಕ ಕಡಿಮೆ, ಮಕ್ಕಳು ಹೆಚ್ಚು, ಹಾಗಾಗಿ ಇಬ್ಬರಿಗೊಂದು. ಒಂದು ದಿನ ನಿನ್ನ ಮನೆ, ಒಂದು ದಿನ ಅವಳ ಮನೆ, ಇಸ್ಕೂಲು ಬಾಗಿಲು ತೆಗೆದ ದಿನ ವಾಪಸು ತರಬೇಕು ಎಂದರು. ನಮಗೆ ಬಂದದ್ದು ನಮ್ಮ ವಯಸ್ಸಿನ ಮಕ್ಕಳಿಗೆ ಅಂತ ಯಾರೋ ಅನುವಾದಿಸಿದ್ದ ಒಂದು ಕಾದಂಬರಿ. ದೂರದೇಶದ ಒಂದು ಬಂದರಿನ ಊರು. ಅಲ್ಲಿ ಮಾರ್ತಾ ಎಂಬ ಕಪ್ಪು ಹುಡುಗಿ. ಅವಳ ತಾಯಿ ಒಬ್ಬ ಬಿಳಿ ಮುದುಕಿಯ ಬಟ್ಟೆ ಒಗೆಯುತ್ತಾಳೆ. ಒಗೆದ ಬಟ್ಟೆಯನ್ನು ಪ್ರತಿ ಶನಿವಾರ ಹಿಂಬಾಗಿಲಿನಲ್ಲಿ ಕೊಟ್ಟು ಬರಬೇಕು. ಒಂದು ಶನಿವಾರ ಮಾರ್ತಾ ಬುಟ್ಟಿ ಹೊತ್ತು ನೇರ ಮುಂಬಾಗಿಲಿಗೆ ಹೋಗಿ ನಿಲ್ಲುತ್ತಾಳೆ. ಮುದುಕಿ ಪರದೆಯ ಸಂದಿಯಿಂದ ನೋಡುತ್ತಾಳೆ, ಬಾಗಿಲು ತೆಗೆಯುವುದಿಲ್ಲ. ಮುಂದಿನ ಶನಿವಾರವೂ ಮಾರ್ತಾ ಅಲ್ಲೇ. ಕಥೆಯೆಲ್ಲ ಆ ಬಾಗಿಲದೇ.

ಎರಡನೇ ಜ್ವರ ಎದ್ದಿತ್ತು. ಹುಳು ಚಿಕ್ಕದಿರುವಾಗ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ಅಜ್ಜಿ, ಅವ್ವ ನಡುಮನೆಯಲ್ಲಿ ಕೂತು ಹೆಚ್ಚುವಾಗ, ಸುಮ್ಮನೆ ಕೂತಿದ್ದೀಯಲ್ಲ ಏನಾದರೂ ಓದು ಎಂದು ಅಜ್ಜಿ ನನಗೆ ಹೇಳಿದಳು. ನಾನು ಓದಿದೆ. ನನ್ನ ಓದು ಅಂದಿಗೂ ಇಂದಿಗೂ ರೇಷನ್ ಅಂಗಡಿಯ ಬೋರ್ಡು ಓದಿದ ಹಾಗೆ. ಹೊರಗೆ ಮೆಟ್ಟಿಲಿನ ಮೇಲೆ ತನ್ನ ಅವ್ವನಿಗಾಗಿ ಕಾಯುತ್ತ ಕೂತಿದ್ದ ಜಯಶೀಲ ಒಂದು ಪುಟ ತಡೆದುಕೊಂಡಳು, ಎರಡನೆಯದಕ್ಕೆ ಆಗಲಿಲ್ಲ. ಅಲ್ಲಿ ನಿಲ್ಲಿಸಬಾರದು ಸುಮಿ, ಅಲ್ಲಿ ಅವಳು ಸಿಟ್ಟಾಗಿದ್ದಾಳೆ ಎಂದು ಹೊರಗಿಂದಲೇ ತಿದ್ದಿದಳು. ನಾನು ಪುಸ್ತಕವನ್ನು ತೆಗೆದುಕೊಂಡು ಹೋಗಿ ಅವಳ ಕೈಗೆ ಕೊಟ್ಟೆ. ಅವಳು ಮೆಟ್ಟಿಲಿನಲ್ಲೇ ಕೂತು ಓದಿದಳು. ಸಿಟ್ಟಿಗೆ ಸಿಟ್ಟು, ಅಳುವಿಗೆ ಅಳು, ಮುದುಕಿಗೆ ಮುದುಕಿಯ ದನಿ. ಒಳಗೆ ಕತ್ತಿಯ ಸದ್ದು ನಿಂತಿತು. ಅಜ್ಜಿ ಕತ್ತಿಯನ್ನು ಸೊಪ್ಪಿನಲ್ಲೇ ಬಿಟ್ಟು ಕಿವಿಯನ್ನು ಬಾಗಿಲ ಕಡೆ ಮಾಡಿದ್ದಳು.

ಮೂರೇ ದಿನಕ್ಕೆ ಮಾರ್ತಾ ನಮ್ಮ ಮನೆಯಲ್ಲಿ ಮಾರಕ್ಕ ಆದಳು. ಮಾರಕ್ಕ ಇವತ್ತು ಬಾಗಿಲಿಗೆ ಹೋದ್ಲಾ, ಮಾರಕ್ಕನ ಅವ್ವನ ಕೆಮ್ಮು ವಾಸಿ ಆಯ್ತಾ ಎಂದು ಅಜ್ಜಿ ಬೆಳಗ್ಗೆ ಕಾಫಿ ಲೋಟ ಹಿಡಿದೇ ಕೇಳುತ್ತಿದ್ದಳು. ಆ ಬಿಳಿ ಮುದುಕಿಯ ಮೇಲೆ ಅವಳಿಗಿದ್ದ ಸಿಟ್ಟು ಅಷ್ಟಿಷ್ಟಲ್ಲ.

"ಅವಳು ಒಗೆದ ಸೀರೆ ಮೈಮ್ಯಾಲೆ ಹಾಕ್ಕತಾಳಂತೆ, ಒಗೆದೋಳು ಮಾತ್ರ ಒಳಿಕೆ ಬರಂಗಿಲ್ವಂತೆ. ಎಂಥಾ ಜನ ಇದ್ದಾರು ನೋಡವ್ವ ಪರಪಂಚದಾಗೆ."

ಸೀರೆಯಲ್ಲ ಗೌನು ಎಂದು ನಾನು ತಿದ್ದಿದೆ. ಅವ್ವ ತಲೆ ಬಗ್ಗಿಸಿ ಸೊಪ್ಪು ಹೆಚ್ಚುತ್ತಲೇ ಇದ್ದಳು. ಹಿತ್ತಿಲಲ್ಲಿ ಹೊರೆ ಇಳಿಸಿದ ಸದ್ದು, ಅಮ್ಮಾರೆ ಎಂಬ ಕೂಗು ಕೇಳಿತು. ಅವ್ವ ಎದ್ದು ಹೋದಳು. ಜಯಶೀಲ ಮೆಟ್ಟಿಲಲ್ಲಿ ಬೆರಳನ್ನು ಸಾಲಿನ ಮೇಲಿಟ್ಟುಕೊಂಡು, ಅವ್ವ ತಿರುಗಿ ಬಂದು ಕೂರುವತನಕ ಕಾಯುತ್ತಿದ್ದಳು.

ಕಥೆ ಬೇಕು, ಓದುವವಳು ಒಳಗೆ ಬರಬಾರದು. ಇದಕ್ಕೆ ಅಜ್ಜಿ ಮಾಡಿದ ಉಪಾಯಗಳನ್ನು ನೆನೆದರೆ ಈಗಲೂ ಒಬ್ಬಳೇ ನಗುತ್ತೇನೆ. ಮೆಟ್ಟಿಲಿನಿಂದ ದನಿ ಸರಿಯಾಗಿ ಕೇಳುವುದಿಲ್ಲವೆಂದು ಮೊದಲು ಸೊಪ್ಪು ಹೆಚ್ಚುವ ಕೆಲಸವನ್ನೇ ಜಗಲಿಗೆ ತಂದಳು. ಹಲಗೆ, ಕತ್ತಿ, ಗೋಣಿಚೀಲ ಎಲ್ಲ ಹೊರಗೆ ಬಂದವು. ಮಾರಕ್ಕ ಎರಡನೇ ಸಲ ಬಾಗಿಲಲ್ಲಿ ನಿಂತ ಅಧ್ಯಾಯ ಉದ್ದವಾಗಿತ್ತು. ಬಿಸಿಲು ಜಗಲಿಗೆ ಹತ್ತಿದ್ದನ್ನು ಯಾರೂ ನೋಡಲಿಲ್ಲ. ಹೆಚ್ಚಿದ ಸೊಪ್ಪು ಬಾಡಿ ಟೀಪುಡಿಯಾಯಿತು. ಹುಳು ಅದನ್ನು ಮೂಸಿ ಮಗ್ಗುಲಾದವು. ಸಾಯಂಕಾಲ ಅಪ್ಪ ತಟ್ಟೆ ನೋಡಿ ಕೇಳಿದ್ದಕ್ಕೆ ಅಜ್ಜಿ ಯಾರದೋ ಕಣ್ಣು ಬಿದ್ದಿದೆ ಎಂದು ಹೇಳಿ ಉಪ್ಪು ನಿವಾಳಿಸಿದಳು. ಕಣ್ಣು ಅವಳದೇ, ಅದೂ ಮಾರಕ್ಕನ ಮೇಲೆ. ಮಾರನೆ ದಿನ ಹೆಚ್ಚುವುದು ಒಳಗೆ ಹೋಯಿತು, ಜಯಶೀಲ ಮೆಟ್ಟಿಲಿನಿಂದ ಜಗಲಿಗೆ ಬಡ್ತಿ ಪಡೆದು ಕಿಟಕಿಯ ಹತ್ತಿರ ಕೂತಳು. ಮೂರನೇ ಜ್ವರ ಕಳೆದು ಹುಳು ದಪ್ಪಗಾದವು. ನಾಲ್ಕನೆಯದು ಕಳೆದ ಮೇಲಂತೂ ನಡುಮನೆಯ ತುಂಬ ಜಡಿಮಳೆ ಹುಯ್ದ ಸದ್ದು. ಅಷ್ಟೂ ಹುಳು ಒಟ್ಟಿಗೆ ಮೇಯುವಾಗ ಪಕ್ಕದಲ್ಲಿದ್ದವರ ಮಾತೂ ಕೇಳುವುದಿಲ್ಲ. ಕಿಟಕಿಯ ಕಥೆ ಸೊಪ್ಪಿನ ಸದ್ದಿನಲ್ಲಿ ಮುಳುಗಿ ಹೋಯಿತು. ಅಜ್ಜಿ ಒಂದು ದಿನ ತಡೆದಳು. ಎರಡನೇ ದಿನ, ಹೊಸ್ತಿಲ ಹತ್ತಿರ ಕೂತ್ಕ, ಆಚೆಗೆ ಮಾತ್ರ ಎಂದಳು. ಹಾಗೆ ಜಯಶೀಲ ಬಾಗಿಲವಾಡಕ್ಕೆ ಒರಗಿ, ಕಾಲು ಜಗಲಿಗೆ ಚಾಚಿ, ಮುಖ ಒಳಗೆ ಮಾಡಿ ಓದತೊಡಗಿದಳು.

ಆ ಮಧ್ಯೆ ಒಂದು ದಿನ ಅವಳೇ ನನ್ನನ್ನು ಕೇಳಿದ್ದಳು, ನಾನು ಒಳಗೆ ಬಂದರೆ ಏನಾಗುತ್ತದೆ ಎಂದು. ಹುಳುವಿಗೆ ಆಗುವುದಿಲ್ಲ, ರೋಗ ಬರುತ್ತದೆ ಎಂದೆ. ಹಾಗೆಂದು ನಂಬಿಯೂ ಇದ್ದೆ.

"ನಮ್ಮವ್ವ ಕುಯ್ದಿರ ಸೊಪ್ಪು ಆಯ್ತದಾ ಹುಳಕ್ಕೆ?"

ಅವಳು ಜಗಳಕ್ಕೆ ಕೇಳಲಿಲ್ಲ. ಗಣಿತದ ಲೆಕ್ಕದಲ್ಲಿ ನನ್ನದು ತಪ್ಪಾದಾಗ ಎಲ್ಲಿ ತಪ್ಪಿತು ಎಂದು ತೋರಿಸುವ ಹಾಗೆ ಕೇಳಿದಳು. ನಾನು ಅವಳ ಮೇಲೆಯೇ ಅರ್ಧ ದಿನ ಸಿಟ್ಟು ಮಾಡಿಕೊಂಡಿದ್ದೆ.

ಹೊಸ್ತಿಲಿಗೆ ಬಂದ ಮೇಲೆ ಕಥೆಗೆ ಒಂದು ಹೊಸ ರುಚಿ ಬಂತು. ಬಿಳಿ ಮುದುಕಿ ಏಳುವಾಗ ಮಂಡಿ ಹಿಡಿದುಕೊಂಡು ಅಯ್ಯೋ ನಮ್ಮಪ್ಪ ಎನ್ನತೊಡಗಿದಳು. ಸೊಂಟದಲ್ಲಿ ಬೀಗದಕೈ ಗೊಂಚಲು ಸಿಕ್ಕಿಸಿಕೊಂಡಳು. ಬುಟ್ಟಿಯ ಬಟ್ಟೆಗಳನ್ನು ಒಂದು ಸಲ ಎಣಿಸಿ ನಂಬಿಕೆ ಬಾರದೆ ಇನ್ನೊಂದು ಸಲ ಎಣಿಸಿದಳು. ಸೊಸೆ ಸಾರಿಗೆ ಉಪ್ಪು ಜಾಸ್ತಿ ಹಾಕುತ್ತಾಳೆಂದು ಬೀದಿಗೆಲ್ಲ ಕೇಳುವ ಹಾಗೆ ಗೊಣಗಿದಳು. ಉಪ್ಪಿನ ಮಾತು ಬಂದಾಗ ಅವ್ವನಿಗೆ ಕೆಮ್ಮು ಹತ್ತಿ, ನೀರು ಕುಡಿಯುವ ನೆವದಲ್ಲಿ ಅಡುಗೆಮನೆಗೆ ಓಡಿದಳು. ಅಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದುದನ್ನು ನಾನು ನೋಡಿದೆ. ಅಜ್ಜಿಗೆ ಮಾತ್ರ ಏನೂ ಹೊಳೆಯಲಿಲ್ಲ.

"ಆ ಮುದುಕಿ ಮಾತ್ ಕೇಳುದ್ರೆ ಎಲ್ಲೋ ಕೇಳ್ದಂಗೈತೆ ಕಣವ್ವ. ಮೇಲಿನ ಬೀದಿ ನಿಂಗಮ್ಮನಂಗೆ."

ನನ್ನ ಸರದಿಯ ದಿನ ಪುಸ್ತಕ ತೆರೆದು ಆ ಪುಟಗಳನ್ನು ಹುಡುಕಿದೆ. ಉಪ್ಪು ಇರಲಿಲ್ಲ, ಬೀಗದಕೈ ಇರಲಿಲ್ಲ. ಪುಸ್ತಕದ ಮುದುಕಿಗೆ ಸೊಸೆಯೇ ಇರಲಿಲ್ಲ. ಒಂದು ಬೆಕ್ಕಿತ್ತು. ಪುಟಗಟ್ಟಲೆ ಅವಳು ಬೆಕ್ಕಿನೊಂದಿಗೆ ಮಾತಾಡುತ್ತಿದ್ದಳು. ನನಗೆ ಮೊದಲು ನಗು ಬಂತು, ಬೆನ್ನಿಗೇ ಹೆದರಿಕೆ ಬಂತು. ಅಜ್ಜಿಗೆ ಗೊತ್ತಾದರೆ ಇವಳು ಹೊಸ್ತಿಲಿಂದ ಮೆಟ್ಟಿಲಿಗೆ ಇಳಿಯುವುದಷ್ಟೇ ಅಲ್ಲ, ಹೊನ್ನಮ್ಮನ ಸೊಪ್ಪಿನ ಕೆಲಸವೂ ಹೋಗುತ್ತದೆ. ಹಾಗೆ ಜನ ಕೆಲಸ ಕಳೆದುಕೊಂಡದ್ದನ್ನು ನೋಡಿದ್ದೆ, ಇದಕ್ಕಿಂತ ಸಣ್ಣ ಕಾರಣಕ್ಕೆ. ಬೋರ್‌ವೆಲ್ ಹತ್ತಿರ ಸಿಕ್ಕಿದಾಗ ಅವಳಿಗೆ ಇದನ್ನೆಲ್ಲ ಹೇಳಿದೆ. ಪುಸ್ತಕದಲ್ಲಿರುವುದನ್ನು ಮಾತ್ರ ಓದು ಎಂದೆ.

"ಬೆಕ್ಕಿನ ಜೊತೆ ಎಷ್ಟೊತ್ತು ಅಂತ ಮಾತಾಡಿಸ್ಲಿ ಸುಮಿ? ನಿಮ್ಮಜ್ಜಿಗೆ ಬೇಜಾರಾಗಕಿಲ್ವಾ?"

ಕೊಡ ತುಂಬಿತ್ತು. ಅವಳು ಅದನ್ನು ಸೊಂಟಕ್ಕೆ ಎತ್ತಿಕೊಂಡು ನನ್ನ ಮುಖ ನೋಡಿ, ಈ ಸಲ ನಗದೆ, ನೀನು ಹೇಳಲ್ಲ ತಾನೆ ಎಂದು ಕೇಳಿದಳು. ಹೇಳುವುದಿಲ್ಲ ಎಂದೆ. ಹದಿಮೂರು ವರ್ಷದಲ್ಲಿ ನಾನು ನಮ್ಮ ಮನೆಯವರಿಂದ ಮುಚ್ಚಿಟ್ಟ ಮೊದಲ ಗುಟ್ಟು ಅದು. ಊಟದ ಹೊತ್ತಿಗೆ ಅಜ್ಜಿಯ ಮುಖ ನೋಡದೆ ಉಣ್ಣುತ್ತಿದ್ದೆ, ಆದರೂ ಮನಸ್ಸು ಹಗುರವಾಗಿತ್ತು.

ನಾನು ಹೇಳಲಿಲ್ಲ. ಹೇಳಿದ್ದು ಚಿಕ್ಕಪ್ಪ. ಅವನು ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಕಡೆ ಕೆಲಸಕ್ಕಿದ್ದ. ದಿನಾ ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದ. ಉಗುರಿನ ಸಂದಿಯಲ್ಲಿ ಯಾವಾಗಲೂ ಕೆಂಪೋ ಹಳದಿಯೋ ಅರಗು ಅಂಟಿರುತ್ತಿತ್ತು. ಆಯುಧಪೂಜೆಗೆ ಒಂದು ವಾರ ರಜೆ ಕೊಟ್ಟಿದ್ದರು. ಮಾಡಲು ಕೆಲಸವಿಲ್ಲದೆ ಬೆಳಗ್ಗೆ ಜಗಲಿಯಲ್ಲಿ ಉರುಳಿಕೊಂಡು ಪುಸ್ತಕವನ್ನು ಅರ್ಧದವರೆಗೆ ಓದಿದ್ದಾನೆ. ಮಧ್ಯಾಹ್ನ ಜಯಶೀಲ ಬಂದು ಹೊಸ್ತಿಲಲ್ಲಿ ಕೂತು ಶುರುಮಾಡಿದಳು. ಆ ದಿನ ಮುದುಕಿ ಪರದೆಯ ಹಿಂದೆ ನಿಂತು, ಈ ಹೈಕಳಿಗೆ ಒಸಿನಾದ್ರೂ ಭಯ ಭಕ್ತಿ ಐತಾ ಎಂದು ಸೊಸೆಯನ್ನು ಕೇಳುತ್ತಿದ್ದಳು. ಚಿಕ್ಕಪ್ಪ ಎದ್ದು ಕೂತ. ಅವನಿಗೆ ಕೇಡು ಬಗೆಯುವ ಬುದ್ಧಿ ಇರಲಿಲ್ಲ, ತಮಾಷೆ ಕಂಡರೆ ನುಂಗಿಕೊಳ್ಳುವ ಬುದ್ಧಿಯೂ ಇರಲಿಲ್ಲ.

"ಅವ್ವ, ಪುಸ್ತಕದಾಗೆ ಸೊಸೆ ಇಲ್ಲ ಕಣವ್ವ. ಉಪ್ಪೂ ಇಲ್ಲ, ಸಾರೂ ಇಲ್ಲ. ಇವಳು ನಿನ್ನನ್ನೇ ಓದ್ತಾವ್ಳೆ."

ಜಯಶೀಲ ಎದ್ದು ನಿಂತಳು. ಪುಸ್ತಕವನ್ನು ಎದೆಗೆ ಒತ್ತಿಕೊಂಡಿದ್ದಳು, ಆದರೆ ಓಡಲಿಲ್ಲ. ಹಿತ್ತಿಲ ಬಾಗಿಲಲ್ಲಿ ಆ ದಿನದ ಎರಡನೇ ಹೊರೆ ಇಳಿಸುತ್ತಿದ್ದ ಹೊನ್ನಮ್ಮನಿಗೆ ಮಾತು ಕೇಳಿಸಿ, ಅಮ್ಮಾರೆ ಮಗ ತಿಳೀದೆ ಮಾಡವ್ಳೆ, ಹೊಟ್ಟೆಗೆ ಹಾಕ್ಕಳಿ ಎಂದು ಅಲ್ಲಿಂದಲೇ ಕೈಮುಗಿದಳು. ಅಜ್ಜಿ ಆ ಕಡೆ ತಿರುಗದೆ, ನೀನು ಸುಮ್ಕಿರು ಹೊನ್ನಿ ಎಂದಳು. ಕೈಯಲ್ಲಿದ್ದ ಸೊಪ್ಪನ್ನು ತಟ್ಟೆಯ ಮೇಲೆ ಹರಡಿ, ಇನ್ನೊಂದು ಹಿಡಿ ತೆಗೆದುಕೊಂಡು ಅದನ್ನೂ ಹರಡಿ, ಆಮೇಲೆ ಕೇಳಿದಳು.

"ಪುಸ್ತಕದಾಗೆ ಆ ಮುದುಕಿ ಕೊನೀಗೆ ಏನ್ ಮಾಡ್ತಾಳೆ?"

"ಬಾಗ್ಲು ತೆಗೆಯಕಿಲ್ಲ ಅಜ್ಜಿ. ಮಾರಕ್ಕ ಊರು ಬುಟ್ಟು ಹೊಂಟೋಯ್ತಾಳೆ."

"ನೀನು ಹೆಂಗೆ ಓದ್ಬೇಕು ಅಂತಿದ್ದೆ?"

"ಅದ್ನ ಇನ್ನೂ ನಿಮಗೆ ಓದಿಲ್ಲ. ನಿಮ್ಮನ್ನ ನೋಡ್ಕಂಡು ಓದಾನ ಅಂತಿದ್ದೆ."

ಅಜ್ಜಿ ಮಂಡಿ ಹಿಡಿದುಕೊಂಡು ಎದ್ದಳು, ಅಯ್ಯೋ ಎಂಬುದು ಬಾಯಿಗೆ ಬಂತು, ನಮ್ಮಪ್ಪ ಎನ್ನುವುದನ್ನು ನುಂಗಿದಳು. ಜಯಶೀಲ ಪುಸ್ತಕವನ್ನು ಹೊಸ್ತಿಲ ಮೇಲಿಟ್ಟು ಮೆಟ್ಟಿಲು ಇಳಿದು ಹೋದಳು.

ಮೂರು ದಿನ ಕಥೆ ಇರಲಿಲ್ಲ. ಹೊನ್ನಮ್ಮ ಮಾತ್ರ ಎಂದಿನಂತೆ ಸೊಪ್ಪು ತಂದಳು, ಕೂಗುವ ದನಿ ಇನ್ನೂ ಸಣ್ಣಗಾಗಿತ್ತು. ಜಯಶೀಲಳಿಗೆ ಬರಬೇಡ ಎಂದು ಅಜ್ಜಿ ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ. ಮನೆಯಲ್ಲಿ ಒಬ್ಬರಿಗೂ ಮುಖ ಸರಿಯಿಲ್ಲ. ಅವ್ವ ಸಾರಿಗೆ ಉಪ್ಪು ಹಾಕುವಾಗ ಬೆರಳಲ್ಲಿ ಅಳೆದು ಅಳೆದು ಹಾಕಿ ಸಾರನ್ನು ಸಪ್ಪೆ ಮಾಡಿದಳು. ಅಜ್ಜಿ ಅದನ್ನು ಉಂಡು, ಉಪ್ಪು ಸಾಲದು ಎನ್ನಲು ಬಾಯಿ ತೆರೆದು, ಸುತ್ತ ನೋಡಿ, ಮುಚ್ಚಿಕೊಂಡಳು. ಹುಳು ಮಾತಾಡುವ ಹಾಗಿದ್ದರೆ ಈ ಮನೆಯಲ್ಲಿ ಅವೇ ವಾಸಿ ಎಂದು ಚಿಕ್ಕಪ್ಪ ಹೇಳಿ ಬೈಸಿಕೊಂಡ. ಮೂರನೇ ದಿನ ಅಜ್ಜಿ ನನ್ನ ಕೈಗೇ ಪುಸ್ತಕ ಕೊಟ್ಟು ಓದಿಸಿದಳು. ಅರ್ಧ ಪುಟಕ್ಕೆ ಸಾಕು ನಿಲ್ಲಿಸು ಎಂದಳು. ಬರೀ ಬೆಕ್ಕಿನ ಮಾತೇ ಐತಲ್ಲ ಎಂದು ಗೊಣಗಿಕೊಂಡಳು.

ನಾಲ್ಕನೇ ದಿನ ಬೆಳಗ್ಗೆ ಅವ್ವ ತಟ್ಟೆ ಎಳೆದು ನೋಡಿ ಕೂಗು ಹಾಕಿದಳು. ಹುಳು ಹಣ್ಣಾಗಿತ್ತು. ಒಂದೆರಡು ತಟ್ಟೆಯಲ್ಲ, ನಡುಮನೆಯ ಅಷ್ಟೂ ತಟ್ಟೆ. ಮೇವು ಬಿಟ್ಟು, ದ್ರಾಕ್ಷಿಯ ಹಾಗೆ ಮೈ ಹೊಳಪಾಗಿ, ತಲೆಯನ್ನು ಆಚೆ ಈಚೆ ಆಡಿಸುತ್ತ ಆಸರೆ ಹುಡುಕುತ್ತಿದ್ದವು. ಹಣ್ಣಾದ ಹುಳುವನ್ನು ಒಂದೊಂದಾಗಿ ಆರಿಸಿ, ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಎಂದರೆ ಸುರುಳಿ ಸುರುಳಿಯಾಗಿ ಹೆಣೆದ ಬಿದಿರಿನ ಚಾಪೆ, ಅದರ ಸಂದಿಗಳಲ್ಲೇ ಗೂಡು ಕಟ್ಟುವುದು. ತಡ ಮಾಡಿದರೆ ಹುಳು ಸೊಪ್ಪಿನ ಕಡ್ಡಿಗೇ ನೂಲು ಸುತ್ತಿ ಹಾಳಾಗುತ್ತದೆ. ನಾವು ತಂದ ದಿನವೇ ಮೊಟ್ಟೆ ತಂದಿದ್ದ ಅಕ್ಕಪಕ್ಕದ ಮನೆಗಳಲ್ಲೂ ಹುಳು ಹಣ್ಣು, ಕಾಫಿಗೆ ಬರುತ್ತಿದ್ದ ಹೆಂಗಸರೆಲ್ಲ ಅವರವರ ತಟ್ಟೆಯ ಮುಂದೆ. ಇನ್ನೂ ಚಿಕ್ಕವನಾದ ತಮ್ಮನನ್ನು ಬಿಟ್ಟರೆ ಮನೆಯಲ್ಲಿ ಇದ್ದದ್ದು ಹತ್ತು ಕೈ. ಅಜ್ಜಿ ಒಂದು ಗಳಿಗೆ ನಿಂತು ಯೋಚಿಸಿ, ಹೋಗಿ ಹೊನ್ನಿಯನ್ನೂ ಅವಳ ಮಗಳನ್ನೂ ಕರೆದುಕೊಂಡು ಬಾ ಎಂದು ನನ್ನನ್ನು ಓಡಿಸಿದಳು.

ಅವರು ಬಂದರು. ಹಿತ್ತಿಲ ಬಾಗಿಲಲ್ಲಿ ಹೊನ್ನಮ್ಮ ಅನುಮಾನಿಸಿದಾಗ ಅಜ್ಜಿ, ಬಾ ಬಾ ಹೊತ್ತಾಯ್ತದೆ ಎಂದಳು. ಅಷ್ಟು ವರ್ಷದ ಕಟ್ಟುನಿಟ್ಟು ಆ ಅವಸರದಲ್ಲಿ ಒಬ್ಬರ ಗಮನಕ್ಕೂ ಬಾರದ ಹಾಗೆ ಬಾಗಿಲಲ್ಲೇ ಬಿದ್ದುಹೋಯಿತು. ಸಂಜೆಯವರೆಗೆ ಏಳು ಜನ ಮೊಣಕಾಲೂರಿ ಆರಿಸಿದೆವು. ಹುಳುವಿನ ಮೈ ಕೈಗೆ ತಣ್ಣಗೆ, ಹೊಸ ಕಾಗದದ ಹಾಗೆ ನುಣ್ಣಗೆ ತಾಕುತ್ತಿತ್ತು. ಜಯಶೀಲಳ ಬೆರಳು ನಮ್ಮೆಲ್ಲರಿಗಿಂತ ಚುರುಕು. ಅವ್ವ, ಹೊನ್ನಮ್ಮ ಒಂದೇ ಚಂದ್ರಿಕೆಯ ಎರಡು ತುದಿ ಹಿಡಿದು ಅಂಗಳಕ್ಕೆ ಸಾಗಿಸಿದರು. ಒಂದು ಹುಳುವೂ ರೋಗ ಹಿಡಿದು ಸಾಯಲಿಲ್ಲ. ನಾನು ಅದನ್ನೇ ನೋಡುತ್ತಿದ್ದೆ, ಜಯಶೀಲ ನಾನು ನೋಡುವುದನ್ನು ನೋಡಿ ಹುಬ್ಬು ಹಾರಿಸಿದಳು.

ಕೆಲಸ ಮುಗಿಯಿತು. ಖಾಲಿಯಾದ ನಡುಮನೆ ಎರಡರಷ್ಟು ದೊಡ್ಡದಾಗಿ ಕಂಡಿತು. ಅವರಿಬ್ಬರೂ ಕೈ ತೊಳೆದು ಹಿತ್ತಿಲ ಕಡೆ ಹೊರಟಾಗ ಅಜ್ಜಿ, ನಾಳೆ ಬಂದು ಉಳಿದಿದ್ದು ಓದಿಬುಡು, ಇವತ್ತು ಒಳಕ್ಕೇ ಬಂದೆಯಲ್ಲ ಎಂದಳು. ದೊಡ್ಡದೇನೋ ಕೊಟ್ಟವಳ ದನಿ ಅವಳದು. ಜಯಶೀಲ ಅಲ್ಲೇ ನಿಂತಳು.

"ಕೆಲ್ಸಕ್ಕೆ ಕರೆದ್ರಿ, ಬಂದೊ ಅಜ್ಜಿ. ಕೆಲ್ಸಕ್ಕೆ ಬಂದ್ರೆ ಬಂದಂಗಾ?"

ಹೊನ್ನಮ್ಮ ಮಗಳ ರಟ್ಟೆ ಹಿಡಿದು ಎಳೆದಳು. ಜಯಶೀಲ ಎಳೆಸಿಕೊಂಡು ಹೋದಳು, ತಲೆ ಮಾತ್ರ ನಮ್ಮ ಕಡೆಗೇ ಇತ್ತು. ಓದುವುದಿಲ್ಲ ಎಂದೂ ಅವಳು ಹೇಳಲಿಲ್ಲ.

ಮಾರನೆ ದಿನ ಮನೆಯಲ್ಲಿ ಯಾರಿಗೂ ಕೆಲಸವಿಲ್ಲ. ಹುಳು ಅಂಗಳದಲ್ಲಿ ತಮ್ಮ ಪಾಡಿಗೆ ತಾವು ನೂಲು ಸುತ್ತುತ್ತಿದ್ದವು. ಅಪ್ಪ ಅವ್ವನಿಗೆ ಹೇಳಿ ಈರುಳ್ಳಿ, ಒಣಮೆಣಸಿನಕಾಯಿ ಹಾಕಿಸಿ ಇಡೀ ಬೀದಿ ಸೀನುವಂಥ ಒಗ್ಗರಣೆ ಕೊಡಿಸಿದ. ಎರಡು ಮುದ್ದೆ ಉಂಡು ಬಹಳ ದಿನದ ಮೇಲೆ ಹಾಡು ಗುನುಗಿದ. ಸೊಪ್ಪು ಬೇಡದ ದಿನವಾದ್ದರಿಂದ ಹೊನ್ನಮ್ಮ ಬರುವ ಕಾರಣವೂ ಇರಲಿಲ್ಲ. ಅಜ್ಜಿ ಹತ್ತು ಸಲ ಜಗಲಿಗೆ ಹೋಗಿ ಬಂದಳು. ಹನ್ನೊಂದನೇ ಸಲ ಒಳಗೆ ಬರಲಿಲ್ಲ. ಸೀರೆ ಸರಿಮಾಡಿಕೊಂಡು ಮೆಟ್ಟಿಲು ಇಳಿದಳು, ನನಗೂ ಬಾ ಎಂದಳು. ಕೆರೆ ಏರಿಯ ಮೇಲೆ ಅವಳ ಹಿಂದೆ ನಡೆಯುವಾಗ ನಾವು ಎಲ್ಲಿಗೆ ಹೋಗುತ್ತಿದ್ದೇವೆಂದು ಗೊತ್ತಾಗಿ ನನ್ನ ಕಾಲಿಗೆ ರೆಕ್ಕೆ ಬಂತು. ಅಜ್ಜಿ ಕೇರಿಯ ಒಳಗೆ ಹೋಗಲಿಲ್ಲ, ಮೊದಲ ಮನೆಯ ಹತ್ತಿರದ ಹುಣಸೇಮರದ ಬುಡದಲ್ಲಿ ನಿಂತಳು. ಅಷ್ಟಕ್ಕೇ ಅವಳ ಧೈರ್ಯ. ಅಲ್ಲಿಂದ ಕೂಗಿದಳು.

"ಹೊನ್ನಮ್ಮ, ನೀನೂ ಬಾ, ಮಗಳ್ನೂ ಕರ್ಕಂಡು ಬಾ. ಕೆಲ್ಸ ಏನಿಲ್ಲ. ಕೂತ್ಕಳಕ್ಕೆ ಬಾ."

ಹೊನ್ನಿ ಎಂಬುದು ಹೊನ್ನಮ್ಮ ಆದದ್ದನ್ನು ನಾನು ಅವಳ ಬಾಯಲ್ಲಿ ಕೇಳಿದ್ದು ಅಂದೇ ಮೊದಲು. ಹೊನ್ನಮ್ಮ ಬಂದಳು, ಒಗೆದ ಸೀರೆ ಉಟ್ಟುಕೊಂಡು, ಯಾರದೋ ಮದುವೆಗೆ ಹೊರಟವಳ ಹಾಗೆ ಗಾಬರಿಯಾಗಿ. ಮುಂಬಾಗಿಲಿನಿಂದ ಒಳಗೆ ಬಂದು, ನಡುಮನೆಯ ಕಂಬದ ಪಕ್ಕ, ಚಾಪೆಯ ತುದಿಯಲ್ಲಿ ಅರ್ಧ ಕೂತಳು. ಅವ್ವ ಅವಳಿಗೆ ಕಾಫಿ ಕೊಟ್ಟಳು, ನಾವು ಕುಡಿಯುವ ಸ್ಟೀಲ್ ಲೋಟದಲ್ಲೇ. ಅದನ್ನು ಅಜ್ಜಿ ನೋಡಿದಳು. ಒಂದು ಸಲ ಬಾಯಿ ತೆರೆದು ಮುಚ್ಚಿದಳು. ಅವಳೊಳಗೆ ಎಲ್ಲವೂ ಆ ದಿನವೇ ಬದಲಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆಮೇಲೆಯೂ ಎಷ್ಟೋ ಸಲ ಅವಳು ಹಿಂದಕ್ಕೆ ಜಾರಿದಳು, ಎಷ್ಟೋ ಸಲ ಅವ್ವ, ನಾನು ಅವಳೊಂದಿಗೆ ಜಗಳವಾಡಿದೆವು. ಆದರೆ ಆ ದಿನ ಅವಳು ಬಾಯಿ ಮುಚ್ಚಿದ್ದು ನಿಜ. ಜಯಶೀಲಳಿಗೆ, ಕೊನೇದು ಓದು ಎಂದಳು.

ಜಯಶೀಲ ನನ್ನ ಮಗ್ಗುಲಲ್ಲಿ ಕೂತು ಕೊನೆಯ ಅಧ್ಯಾಯ ತೆರೆದಳು. ಅಚ್ಚಾದ ಸಾಲುಗಳು ನನಗೂ ಕಾಣುತ್ತಿದ್ದವು. ಮಾರ್ತಾ ಹಡಗಿನ ಕಟ್ಟೆಯಲ್ಲಿ ನಿಂತಿದ್ದಳು, ಬಾಗಿಲು ಮುಚ್ಚಿಯೇ ಇತ್ತು. ಜಯಶೀಲ ಅದನ್ನು ಕಣ್ಣಲ್ಲಿ ಓದಿ, ಪುಸ್ತಕವನ್ನು ಮಡಿಚಿ ತೊಡೆಯ ಮೇಲಿಟ್ಟಳು. ಎಲ್ಲರೂ ನೋಡುತ್ತಿದ್ದಂತೆಯೇ ಮಡಿಚಿದಳು. ಆಮೇಲೆ ಓದುವ ದನಿಯಲ್ಲೇ ಶುರುಮಾಡಿದಳು. ಮತ್ತೆ ಶನಿವಾರ ಬಂತು, ಮಾರಕ್ಕ ಬುಟ್ಟಿ ಹೊತ್ತು ಬಂದು ನಿಂತಳು, ಪರದೆ ಅಲ್ಲಾಡಿತು, ಮುದುಕಿ ಮಂಡಿ ಹಿಡಿದುಕೊಂಡು ಎದ್ದಳು, ಬಾಗಿಲವರೆಗೆ ಬಂದಳು, ಅಗುಳಿ ತೆಗೆದಳು. ಚಿಕ್ಕಪ್ಪ ಪುಸ್ತಕದಲ್ಲಿ ಹಾಗಿಲ್ಲ ಎನ್ನಲಿಲ್ಲ. ಬಾಗಿಲು ತೆರೆಯಿತು, ಬಾರಮ್ಮ ಎಂದಳು ಮುದುಕಿ, ಮಾರಕ್ಕ ಕಾಲು ಎತ್ತಿದಳು.

ಅದುವರೆಗೆ ತುಟಿಪಿಟಕ್ಕೆನ್ನದಿದ್ದ ಹೊನ್ನಮ್ಮ ಲೋಟವನ್ನು ಕೆಳಗಿಟ್ಟಳು.

"ಅಷ್ಟು ಬಿರ್‍ರನೆ ಯಾಕೆ ಒಳಿಕೆ ಕಳುಸ್ತೀಯ? ಎಷ್ಟು ಶನಿವಾರ ನಿಲ್ಸವ್ರೆ ಅವಳ್ನ. ಒಸಿ ಹೊತ್ತು ಅಲ್ಲೇ ನಿಂತ್ಕಳ್ಳಲಿ."

ಹೇಳಿದ ಮೇಲೆ ತಾನೇ ಹೆದರಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಜಯಶೀಲ ಅಜ್ಜಿಯ ಮುಖ ನೋಡಿದಳು, ನಾವೆಲ್ಲರೂ ನೋಡಿದೆವು. ಅಜ್ಜಿ ಹೊನ್ನಮ್ಮನ ಕಡೆ ಪೂರ್ತಿ ತಿರುಗಿ ಕೂತಳು.

"ನಿಂತ್ಕಳ್ಳಲಿ," ಎಂದಳು. "ಆ ಮುದುಕೀನೂ ಬಾಗ್ಲು ಹಿಡ್ಕಂಡು ನಿಂತಿರಲಿ. ಅವಳು ಬರಗಂಟ."